ಬೆಣ್ಣೆ ಕಾಯಿಸಿದ ವಾಸನೆಯ ಉಸಿರು

ನಮ್ಮ ಊರಿನಲ್ಲಿ ಬಾಗಿಲು ಬಡಿಯುವ ಪದ್ಧತಿ ಇಲ್ಲ. ಹೊಸ್ತಿಲ ಈಚೆ ನಿಂತು ಒಂದು ಉಸಿರು ಬಿಟ್ಟರೆ ಸಾಕು, ಒಳಗಿದ್ದವರು “ಓ, ಚೂಡಾಮಣಿ ಟೀಚರ್ ಬಂದ್ರು, ಚಾಪೆ ಹಾಸು” ಅಂದುಬಿಡುತ್ತಾರೆ. ಟೀಚರ್ ಉಸಿರಿಗೆ ಬಾದಾಮಿಯ ವಾಸನೆ. ಅಂಗಡಿ ನೇಮಿರಾಜನದು ದಾಲ್ಚಿನ್ನಿ. ನನ್ನದು ಒಣಶುಂಠಿ, ಚಿಕ್ಕಂದಿನಲ್ಲಿ ಗೆಳತಿಯರು ನನ್ನನ್ನು ಕಷಾಯ ಅಂತಲೇ ಕರೆಯುತ್ತಿದ್ದರು, ನಾನು ಅವರ ಜಡೆ ಹಿಡಿದು ಎಳೆಯುತ್ತಿದ್ದೆ. ನನ್ನ ಗಂಡ ನಾಗಭೂಷಣರದು ಬೆಣ್ಣೆ ಕಾಯಿಸುವಾಗ ಇನ್ನೇನು ತುಪ್ಪ ಆಗಬೇಕು ಅನ್ನುವ ಹೊತ್ತಿಗೆ ಬರುವ ವಾಸನೆ. ಅವರು ನನ್ನನ್ನು ನೋಡಲು ಬಂದ ದಿನ ನಮ್ಮಮ್ಮ ಅಡುಗೆಮನೆಯಿಂದ ಹೊರಗೆ ಬಂದು ಹುಡುಗನ ಮುಖ ನೋಡುವ ಮೊದಲೇ “ನನಗಂತೂ ಒಪ್ಪಿಗೆ” ಅಂದಿದ್ದಳು.

ಈ ವಾಸನೆ ಹೋಗುವುದೂ ಉಂಟು. ಯಾರಿಗಾದರೂ ನಾಚಿಕೆಗೇಡಿನ ಸಂಗತಿ ಒಳಗೆ ಕೂತರೆ ಮರುದಿನ ಅವರ ಉಸಿರು ಖಾಲಿ. ಬರಿ ಗಾಳಿ. ಯಾರ ಎದುರು ತಲೆ ತಗ್ಗಿದೆಯೋ ಅವರ ಎದುರು ಬಾಯಿಬಿಟ್ಟು ಹೇಳಿಕೊಂಡರೆ ಮರಳಿ ಬರುತ್ತದೆ. ಹೀಗಾಗಿ ನಮ್ಮಲ್ಲಿ ಗುಟ್ಟು ಅನ್ನುವುದು ಅರ್ಧ ಮಾತ್ರ ಇರುತ್ತಿತ್ತು: ಏನೋ ಆಗಿದೆ ಅಂತ ಊರಿಗೆಲ್ಲ ಗೊತ್ತು, ಏನಾಗಿದೆ ಅಂತ ಯಾರಿಗೂ ಗೊತ್ತಿಲ್ಲ. ಕೇಳುವುದು ಮರ್ಯಾದೆಯಲ್ಲ. ಖಾಲಿ ಉಸಿರಿನವರು ಬಂದರೆ ನಾವು ಹವೆಯ ಬಗ್ಗೆ ಮಾತಾಡುತ್ತಿದ್ದೆವು. ಪುರಸಭೆಯ ಸಭೆಗಳಿಗೆ ಏಲಕ್ಕಿ, ಲವಂಗ ಬಾಯಲ್ಲಿಟ್ಟುಕೊಂಡು ಬರಬಾರದು ಅಂತ ನಿಯಮವಿತ್ತು. ಹೆಣ್ಣು ನೋಡುವ ಶಾಸ್ತ್ರಕ್ಕೆ ಜೋರು ಗಾಳಿಯ ದಿನ ಇಡಿ ಅಂತ ಗಂಡಿನ ಕಡೆಯವರು ಹೇಳಿಕಳಿಸಿದರೆ, ಹೆಣ್ಣಿನ ಕಡೆಯವರು ಅಲ್ಲಿಗೇ ಮಾತು ಮುರಿಯುತ್ತಿದ್ದರು.

ಅಂಥ ಊರಿಗೆ ನೇಮಿರಾಜ ಎಲೆಕ್ಟ್ರಾನಿಕ್ ಸಿಗರೇಟು ತಂದ. ನಮ್ಮ ಜನ ಅದಕ್ಕೆ ಆವಿಕಡ್ಡಿ ಅಂತ ಹೆಸರಿಟ್ಟರು. ಪೆನ್ನಿನಷ್ಟು ಉದ್ದ, ಒಳಗೆ ಸಣ್ಣ ಬ್ಯಾಟರಿ, ಒಂದು ತಂತಿಸುರುಳಿ, ಅದಕ್ಕೆ ಸುತ್ತಿದ ಹತ್ತಿ, ಹತ್ತಿ ಹೀರುವ ದ್ರವ. ಎಳೆದರೆ ತಂತಿ ಕಾದು ದ್ರವ ಆವಿಯಾಗಿ ಎದೆಗೆ ಹೋಗುತ್ತದೆ, ಬಿಟ್ಟರೆ ಪರಿಮಳ. ಮೊದಲು ಅವನು ಮಾವಿನಹಣ್ಣು, ಪುದೀನ ಅಂತ ಪರವೂರಿನ ಬಾಟಲಿಗಳನ್ನೇ ಇಟ್ಟಿದ್ದ. ಒಂದೂ ಖರ್ಚಾಗಲಿಲ್ಲ. ನಮ್ಮೂರಲ್ಲಿ ಹುಟ್ಟಿದ ಮನುಷ್ಯ ಪುದೀನ ವಾಸನೆ ಹೊಡೆದುಕೊಂಡು ಯಾರ ಮನೆ ಬಾಗಿಲಿಗೆ ಹೋಗಿ ನಿಂತಾನು? ಆಗ ಅವನು ನನ್ನ ಹತ್ತಿರ ಬಂದ.

ನಾನು ಊರಿನ ಆಹಾರ ಪರೀಕ್ಷಾಲಯದಲ್ಲಿ ರಸಾಯನಶಾಸ್ತ್ರದವಳು. ಮಿಠಾಯಿ ಅಂಗಡಿಯವರ ಎಸೆನ್ಸು, ಬೇಕರಿಯ ಬಣ್ಣ, ಇವನ್ನೆಲ್ಲ ಪರೀಕ್ಷಿಸಿ ‘ಪರೀಕ್ಷಿಸಲಾಗಿದೆ’ ಅಂತ ಚೀಟಿ ಅಂಟಿಸುವುದು ನನ್ನ ಕೆಲಸ. ವಾಸನೆಯನ್ನು ಬಿಡಿಸಿ ತೋರಿಸುವ ಒಂದು ಯಂತ್ರ ನಮ್ಮಲ್ಲಿದೆ. ಯಾವ ವಾಸನೆಯನ್ನು ಒಳಗೆ ಕಳಿಸಿದರೂ ಅದರಲ್ಲಿರುವ ಪದಾರ್ಥಗಳನ್ನು ಒಂದೊಂದಾಗಿ ಬೇರೆ ಮಾಡಿ ಕಾಗದದ ಮೇಲೆ ಏರಿಳಿಯುವ ಗೆರೆ ಎಳೆಯುತ್ತದೆ. ನೇಮಿರಾಜ ಒಂದು ಪ್ಲಾಸ್ಟಿಕ್ ಚೀಲಕ್ಕೆ ಉಸಿರು ತುಂಬಿ, ಬಾಯಿ ಬಿಗಿದು, ನನ್ನ ಮೇಜಿನ ಮೇಲಿಟ್ಟ.

“ಅಮ್ಮಾವ್ರೇ, ಇದು ನಂದು. ಇದೇ ವಾಸನೆ ಬಾಟಲೀಲಿ ಮಾಡಿಕೊಡೋಕಾಗುತ್ತಾ?”

ಆಗುವುದಿಲ್ಲ ಅನ್ನುವ ಮಾತು ನನ್ನ ಬಾಯಲ್ಲಿ ಬರುವುದು ಕಷ್ಟ. ಇಂಥದ್ದನ್ನು ಮಾಡಬಲ್ಲವಳು ಈ ಊರಿನಲ್ಲಿ ನಾನೊಬ್ಬಳೇ ಅನ್ನುವ ಕೊಬ್ಬು ಬೇರೆ. ದಾಲ್ಚಿನ್ನಿಯ ವಾಸನೆಗೆ ಸಿನ್ನಮಾಲ್ಡಿಹೈಡ್, ಬಾದಾಮಿಗೆ ಬೆಂಜಾಲ್ಡಿಹೈಡ್, ಬೆಣ್ಣೆಗೆ ಡೈಅಸಿಟೈಲ್. ಎಲ್ಲವೂ ನನ್ನ ಕಪಾಟಿನಲ್ಲಿ ಇದ್ದವು, ಎಲ್ಲವೂ ಕೇಕಿಗೆ ಬಿಸ್ಕತ್ತಿಗೆ ಬೀಳುವಂಥವೇ. ಅವನ್ನು ಗ್ಲಿಸರಿನ್‌ನಲ್ಲಿ ಬೆರೆಸಿ ಕೊಟ್ಟೆ. ನೇಮಿರಾಜ ಎಳೆದು ಬಿಟ್ಟ. ಅವನ ಹೆಂಡತಿ ಕಣ್ಣುಮುಚ್ಚಿ ನಿಂತು ಮೂಸಿ, ಯಾವುದು ಗಂಡ ಯಾವುದು ಬಾಟಲಿ ಹೇಳಲಾರದೆ ನಕ್ಕುಬಿಟ್ಟಳು.

ಅಲ್ಲಿಂದ ಊರೇ ಬಂತು. ಉಸಿರು ಖಾಲಿಯಾದವರಿಗೆ ಹಳೆಯ ದಿಂಬು, ಮಫ್ಲರು ತರಲು ಹೇಳಿ ಅದರಿಂದ ವಾಸನೆ ಎತ್ತುತ್ತಿದ್ದೆ. ಏನೂ ತಪ್ಪು ಮಾಡದವರೂ ಬಂದರು, ಮುಂದೆ ಯಾವಾಗಲಾದರೂ ಬೇಕಾದೀತು ಅಂತ. ಒಬ್ಬನಂತೂ ಮದುವೆಯ ಹಿಂದಿನ ದಿನ ಅರಿಶಿನದ ಮೈಯಲ್ಲೇ ಬಂದು ಚೀಲಕ್ಕೆ ಊದಿಹೋದ. ನಾವು ನಿಕೊಟಿನ್ ಹಾಕುತ್ತಿರಲಿಲ್ಲ, ಅದೇ ನಮ್ಮ ದೊಡ್ಡ ಹೆಮ್ಮೆ. ಅಪಾಯ ಇದೆಯಾ ಅಂತ ಯಾರಾದರೂ ಕೇಳಿದರೆ ನಾನು ನಗುತ್ತಿದ್ದೆ. “ಇವನ್ನೆಲ್ಲ ದಿನಾ ತಿಂತೀರಿ. ಅಲ್ಲದೆ ಇದು ನಿಮ್ಮ ಉಸಿರಲ್ಲಿ ಇದ್ದದ್ದೇ ತಾನೇ? ಉಸಿರಿಂದ ಬಂದದ್ದು ವಾಪಸ್ ಉಸಿರಿಗೆ ಹೋದ್ರೆ ಏನಾಗುತ್ತೆ?” ಅನ್ನುತ್ತಿದ್ದೆ. ಎಲ್ಲರೂ ಒಪ್ಪಿದರು. ಇಂಥ ವಾದವನ್ನು ಬೇರೆ ಊರಲ್ಲಿ ಯಾರೂ ಒಪ್ಪುತ್ತಿರಲಿಲ್ಲವೇನೋ. ಪ್ರತಿ ಬಾಟಲಿಯ ಮೇಲೂ ನನ್ನ ಚೀಟಿ ಇತ್ತು.

ಆ ಮಳೆಗಾಲದಲ್ಲಿ ನನ್ನ ಗಂಡನಿಗೆ ಜ್ವರ, ನೆಗಡಿ ಬಂದು ಹೋಯಿತು. ಅವರು ಟೈಲರ್. ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಜ್ವರ ಬಿಟ್ಟು ಮತ್ತೆ ಮಿಷನ್ ತುಳಿಯಲು ಕೂತ ಮೇಲೆ ಒಂದು ಸಂಜೆ ನಾನು ಕೆಲಸದಿಂದ ಬಂದು, ಬಾಗಿಲ ಪರದೆಯ ಈಚೆ ನಿಂತು ಎಂದಿನಂತೆ ಉಸಿರು ಕೊಟ್ಟೆ. ಒಳಗಿನಿಂದ ಅವರು “ಯಾರದು?” ಅಂದರು.

ನಮ್ಮೂರಿನಲ್ಲಿ ಕಟ್ಟಿಕೊಂಡ ಹೆಂಡತಿಯ ಉಸಿರಿಗೆ ಯಾರದು ಅಂದರೆ ಅದಕ್ಕಿಂತ ದೊಡ್ಡ ಮಾತಿಲ್ಲ. ನಾನು ಪರದೆ ಸರಿಸಿದೆ. ಅವರು ಬೆಚ್ಚಿಬಿದ್ದು, “ಓ, ನೀನಾ ತಾರಾ, ಏನೋ ಯೋಚನೇಲಿದ್ದೆ” ಅಂದರು. ಮರುದಿನ ಬೆಳಿಗ್ಗೆ ಕಾಫಿ ಕೊಡಲು ಬಗ್ಗಿದಾಗ ಅವರ ಉಸಿರಿನಲ್ಲಿ ಬೆಣ್ಣೆ ಇರಲಿಲ್ಲ.

ಯಾವ ಹೆಂಗಸಾದರೂ ಏನು ಯೋಚಿಸುತ್ತಾಳೋ ನಾನೂ ಅದನ್ನೇ ಯೋಚಿಸಿದೆ. ಯಾವುದೋ ಬೇರೆ ಉಸಿರಿಗೆ ಕಾಯುತ್ತಿದ್ದಾರೆ, ನಾನು ಬಂದದ್ದಕ್ಕೆ ಯಾರದು ಅಂದಿದ್ದಾರೆ. ಅಳತೆ ಕೊಡಲು ಬರುವ ಹೆಂಗಸರನ್ನೆಲ್ಲ ಮನಸ್ಸಿನಲ್ಲೇ ಒಂದು ಸಲ ಅಳೆದೆ. “ಏನಾಯ್ತು ರೀ?” ಅಂತ ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಲಿಲ್ಲ. ಉತ್ತರಕ್ಕೆ ಹೆದರಿದೆ. ಊರಿಗೂ ಹೆದರಿದೆ, ಏಕೆಂದರೆ ಟೈಲರ್ ಆದವನು ಅಳತೆ ತೆಗೆಯುವಾಗ ಗಿರಾಕಿಯ ಮುಖದ ಹತ್ತಿರವೇ ಉಸಿರಾಡುತ್ತಾನೆ. ಸಂಜೆಯೊಳಗೆ ಎಲ್ಲರ ಬಾಯಲ್ಲೂ ನಮ್ಮ ಮನೆಯ ಸುದ್ದಿಯೇ ಆಗುತ್ತಿತ್ತು.

ಪರೀಕ್ಷಾಲಯಕ್ಕೆ ಹೋಗಿ ಅವರ ಬಾಟಲಿ ಮಾಡಿದೆ. ಅದಕ್ಕೆ ದಿಂಬೂ ಬೇಕಾಗಲಿಲ್ಲ, ಯಂತ್ರವೂ ಬೇಕಾಗಲಿಲ್ಲ. ಮೂಗಿನ ನೆನಪೇ ಸಾಕಿತ್ತು. ಡೈಅಸಿಟೈಲ್ ಬೇರೆಯವರಿಗೆ ಹಾಕುವುದಕ್ಕಿಂತ ಧಾರಾಳವಾಗಿಯೇ ಹಾಕಿದೆ, ನನ್ನ ಗಂಡನ ವಾಸನೆ ತೆಳ್ಳಗಿರಬಾರದು ಅಂತ. ಮನೆಗೆ ಬಂದು ಆವಿಕಡ್ಡಿ ಅವರ ಕೈಗೆ ಕೊಟ್ಟೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಇದು ಯಾಕೆ?” ಅಂದರು.

“ಗಿರಾಕಿಗಳು ಬರೋ ಹೊತ್ತು. ಸುಮ್ನೆ ಎಳೀರಿ.”

ಅವರು ಎಳೆದರು. ಬಿಟ್ಟಾಗ ಕೋಣೆಯ ತುಂಬ ಬೆಣ್ಣೆ ಕಾದ ಹಾಗಾಯಿತು. ನನಗೆ ಕಣ್ಣು ತುಂಬಿ ಬಂತು, ಸುಳ್ಳು ವಾಸನೆ ಅಂತ ಗೊತ್ತಿದ್ದರೂ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. “ಚೆನ್ನಾಗಿದೆಯಾ?” ಅಂತ ಕೇಳಿದರು. ಅದೇನು ಪ್ರಶ್ನೆ ಅಂತ ನಾನು ಯೋಚಿಸಬೇಕಿತ್ತು. ಹೂಂ ಅಂದು ಅಡುಗೆಮನೆಗೆ ಹೋದೆ.

ಹಾಗೆಯೇ ಒಂದು ವರ್ಷ ಕಳೆಯಿತು. ಅವರು ಬೇರೆಯವರಿಗಿಂತ ಹೆಚ್ಚಾಗಿಯೇ ಎಳೆಯುತ್ತಿದ್ದರು. ವಾಸನೆ ಸಾಕಷ್ಟು ಬಂತೋ ಇಲ್ಲವೋ ಅನ್ನುವ ಅನುಮಾನದವರಂತೆ ಗಿರಾಕಿ ಬರುವ ಮೊದಲೂ ಎಳೆಯುವರು, ಬಂದು ಹೋದ ಮೇಲೂ ಎಳೆಯುವರು. ಬೇಸಗೆಯ ಹೊತ್ತಿಗೆ ಒಣಕೆಮ್ಮು ಶುರುವಾಯಿತು. ಆಮೇಲೆ ಮಿಷನ್ ತುಳಿಯುತ್ತ ತುಳಿಯುತ್ತ ನಡುವೆ ನಿಲ್ಲಿಸಿ, ಮೇಜು ಹಿಡಿದುಕೊಂಡು ಸುಧಾರಿಸಿಕೊಳ್ಳುವರು. ವಯಸ್ಸು ಅಂದೆ. ನೂಲಿನ ಧೂಳು ಅಂದೆ. ಕಷಾಯ ಕುದಿಸಿ ಕೊಟ್ಟೆ. ನನ್ನ ಬಾಟಲಿಯೊಂದನ್ನು ಬಿಟ್ಟು ಮನೆಯಲ್ಲಿದ್ದ ಎಲ್ಲದರ ಮೇಲೂ ಅನುಮಾನಪಟ್ಟೆ.

ಒಂದು ಮಧ್ಯಾಹ್ನ ಊಟಕ್ಕೆ ಮನೆಗೆ ಬರುವಾಗ ಬೀದಿಯ ತಿರುವಿನಲ್ಲೇ ಏನೋ ಸುಟ್ಟ ವಾಸನೆ ಬಡಿಯಿತು. ಹತ್ತಿ, ಸಕ್ಕರೆ ಎರಡೂ ಸೇರಿ ಕರಕಾದಂಥ ಘಾಟು. ಗಂಟಲು ಹಿಡಿದುಕೊಂಡಿತು. ಓಡಿಬಂದು ಪರದೆ ಸರಿಸಿದರೆ ಅವರು ಕಿಟಕಿಯ ಪಕ್ಕ ಕೂತು ಆವಿಕಡ್ಡಿ ಎಳೆಯುತ್ತಿದ್ದರು. ದ್ರವ ಮುಗಿದು ಒಳಗಿನ ಹತ್ತಿಯೇ ಸುಡುತ್ತಿತ್ತು. ಅಂಥ ಹೊಗೆಯನ್ನು ಯಾವ ಮನುಷ್ಯನೂ ಎರಡನೆಯ ಸಲ ಎಳೆಯಲಾರ. ಕೆಟ್ಟ ವಾಸನೆಯೇ ಸಾಕು ಅಂತ ಹೇಳಿ ತಡೆಯುತ್ತದೆ. ಇವರು ಎಳೆದು, ಕೆಮ್ಮಿ, ನಿಧಾನವಾಗಿ ಬಿಟ್ಟು, ಮತ್ತೆ ಎಳೆದರು. ನಾನು ಕಿತ್ತುಕೊಂಡೆ.

“ಸುಟ್ಟು ಕರಕಾಗಿದೆ ರೀ! ಬೀದಿಗೆಲ್ಲ ನಾತ ಬರ್ತಿದೆ. ನಿಮಗೆ ಬರ್ತಿಲ್ವಾ?”

ತೊಡೆಯ ಮೇಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

“ಬರಲ್ಲ ತಾರಾ,” ಅಂದರು ಕೊನೆಗೆ. “ಯಾವುದೂ ಬರಲ್ಲ. ಆ ಜ್ವರ ಬಂತಲ್ಲ, ಆಗ್ಲಿಂದ.”

“ಯಾವುದೂ ಅಂದ್ರೆ? ನಂದು?”

“ನಿಂದೂ ಬರಲ್ಲ. ಅವತ್ತು ನೀನು ಬಾಗಿಲಲ್ಲಿ ನಿಂತು ಉಸಿರು ಕೊಟ್ಟಿದ್ದು ಸದ್ದು ಕೇಳಿಸ್ತು, ವಾಸನೆ ಬರ್ಲಿಲ್ಲ. ಯಾರದು ಅಂದ್ಬಿಟ್ಟೆ. ನಿನ್ನ ಮುಖ ನೋಡಿದ ಮೇಲೆ... ಹೇಗೆ ಹೇಳ್ಲಿ? ಕಟ್ಟಿಕೊಂಡ ಹೆಂಡ್ತಿ ಉಸಿರು ಗುರುತು ಹಿಡಿಯೋಕಾಗ್ದಿರೋನು ಅಂತ. ಆಮೇಲೆ ನಿನ್ನ ಚಪ್ಪಲಿ ಸದ್ದು ಕೇಳಿ ‘ಬಾ ತಾರಾ’ ಅನ್ನೋದು ಕಲ್ತೆ.” ಅಷ್ಟು ಹೇಳುವುದರಲ್ಲಿ ಅವರು ಮೂರು ಕಡೆ ಉಸಿರು ತೆಗೆದುಕೊಳ್ಳಬೇಕಾಯಿತು. “ನೀನು ಏನೂ ಕೇಳದೆ ಇದನ್ನ ತಂದುಕೊಟ್ಟೆ. ನಿನಗೆ ಬೇಕಾದ ವಾಸನೆ ಇದು, ಇರಲಿ ಅಂತ ಎಳೀತಿದ್ದೆ. ಇದು ಹೇಗಿದೆ ಅಂತ್ಲೂ ನನಗೆ ಗೊತ್ತಿಲ್ಲ.”

ನಾನು ಅಳತೆಯ ಟೇಪು, ಕತ್ತರಿಗಳ ಮಧ್ಯೆ ಅಲ್ಲೇ ಕೂತೆ. ಅವರ ಕಾಲಿಗೆ ಬೀಳೋಣ ಅನ್ನಿಸಿತು, ಎರಡು ಬಾರಿಸೋಣ ಅಂತಲೂ ಅನ್ನಿಸಿತು. ಯಾವುದನ್ನೂ ಮಾಡಲಿಲ್ಲ. ಆಟೋ ಕರೆದು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಡಾಕ್ಟರ್ ಜೆಸಿಂತಾ ಎದೆಯ ಎಕ್ಸ್‌ರೇ ನೋಡಿ ಇದರಲ್ಲಿ ಹೆಚ್ಚೇನೂ ಕಾಣಿಸುವುದಿಲ್ಲ ಅಂದರು. ಆಮೇಲೆ ಊದುವ ಯಂತ್ರ ಕೊಟ್ಟು ಜೋರಾಗಿ ಊದಿಸಿದರು. ನನ್ನ ಗಂಡ ಕಣ್ಣು ಕೆಂಪಾಗುವವರೆಗೆ ಊದಿದರು, ಮುಳ್ಳು ಅಲ್ಲೇ ಕೆಳಗೆ ಅಲ್ಲಾಡಿತು. ಶ್ವಾಸಕೋಶದ ಸಣ್ಣ ಸಣ್ಣ ನಳಿಗಳು ಗಾಯವಾಗಿ ಸಂಕುಚಿತವಾಗಿವೆ, ಒಳಗೆ ಹೋದ ಗಾಳಿ ಹೊರಗೆ ಬರಲು ದಾರಿಯಿಲ್ಲ ಅಂದರು. ಏನು ಎಳೆಯುತ್ತಿದ್ದರು ಅಂತ ಕೇಳಿದರು. ನಾನು ಡೈಅಸಿಟೈಲ್ ಅಂತ ಹೆಸರು ಹೇಳಿದೆ.

“ಬೆಣ್ಣೆ ಫ್ಲೇವರಿಂದಾ?” ಅಂದು ಅವರು ಪೆನ್ನು ಕೆಳಗಿಟ್ಟರು. “ಪಾಪ್‌ಕಾರ್ನ್ ಫ್ಯಾಕ್ಟರಿಗಳಲ್ಲಿ ಇದನ್ನ ದೊಡ್ಡ ಪಾತ್ರೆಗಳಲ್ಲಿ ಬಿಸಿ ಮಾಡಿ ಬೆರೆಸ್ತಿದ್ದೋರಿಗೆ ಹೀಗೇ ಆಗಿತ್ತು. ತಿಂದೋರಿಗೆ ಏನೂ ಆಗ್ಲಿಲ್ಲ, ಉಸಿರಾಡಿದೋರಿಗೆ ಆಯ್ತು. ಹೊಟ್ಟೆ ಅರಗಿಸಿಕೊಳ್ಳುತ್ತೆ, ಎದೆ ಏನು ಮಾಡೀತು? ಇವರಿಗೆ ಇದ್ರಿಂದ್ಲೇ ಅಂತ ಒಂದೇ ಪರೀಕ್ಷೇಲಿ ಬರೆದುಕೊಡಲಾರೆ. ಆದ್ರೆ ಇವತ್ತಿಂದ ಮುಟ್ಟಬಾರದು.”

“ಸರಿಹೋಗುತ್ತಾ?”

“ಹೋದದ್ದು ಬರಲ್ಲಮ್ಮ. ಉಳಿದಿರೋದನ್ನ ಕಾಪಾಡ್ಕೊಳ್ಳೋದು.”

ಮರುದಿನ ನಾನು ಮಾಡಬೇಕಾಗಿದ್ದ ಪರೀಕ್ಷೆಯನ್ನು ಮಾಡಿದೆ. ಅದುವರೆಗೆ ಪರೀಕ್ಷಿಸಿದ್ದು ಬಾಟಲಿಯಲ್ಲಿದ್ದ ದ್ರವವನ್ನು. ಕಾದ ತಂತಿಯಿಂದ ಏಳುವ ಆವಿಯನ್ನು ಒಂದು ಸಲವೂ ಯಂತ್ರಕ್ಕೆ ಕೊಟ್ಟಿರಲಿಲ್ಲ. ಕೊಟ್ಟೆ. ಬೆಣ್ಣೆಯ ಡೈಅಸಿಟೈಲ್ ಆವಿಯಲ್ಲೂ ದಂಡಿಯಾಗಿ ಇತ್ತು. ಜೊತೆಗೆ ನಾನು ಹಾಕಿರದ ವಿಷಪದಾರ್ಥಗಳು ಎದ್ದು ನಿಂತಿದ್ದವು: ಫಾರ್ಮಾಲ್ಡಿಹೈಡ್, ಅಕ್ರೋಲಿನ್. ಹತ್ತಿ ಒಣಗಿದ ಕಡ್ಡಿಯಲ್ಲಿ ಅವು ಎಷ್ಟೋ ಪಾಲು ಹೆಚ್ಚು. ಟೀಚರ್‌ಗೆ ಕೊಟ್ಟ ಬಾದಾಮಿ, ನೇಮಿರಾಜನ ದಾಲ್ಚಿನ್ನಿ, ಒಂದೊಂದನ್ನೂ ಹಾಕಿ ನೋಡಿದೆ. ತಿನ್ನಲು ಸರಿಯೆಂದು ಚೀಟಿ ಅಂಟಿಸಿ ಉಸಿರಿಗೆ ಕೊಟ್ಟಿದ್ದೆ. ಯಂತ್ರದ ಎದುರು ಕೂತಿದ್ದಾಗಲೇ ನನ್ನ ಅಂಗೈಗೆ ಉಸಿರು ಬಿಟ್ಟು ಮೂಸಿಕೊಂಡೆ. ಶುಂಠಿ ಹೋಗಿತ್ತು.

ಬಾಯಿಗೆ ಸೆರಗು ಅಡ್ಡ ಹಿಡಿದು ಮನೆಗೆ ಹೋದೆ. ಅದು ವ್ಯರ್ಥ ಅಂತ ಆಮೇಲೆ ಹೊಳೆಯಿತು. ನನ್ನ ಉಸಿರು ಖಾಲಿಯಾದದ್ದು ಇಡೀ ಊರಿಗೆ ಗೊತ್ತಾಗಬಹುದು, ನನ್ನ ಗಂಡನಿಗೆ ಮಾತ್ರ ಗೊತ್ತಾಗುವುದಿಲ್ಲ. ಅವರ ಎದುರು ನಾನು ಎಷ್ಟು ದಿನ ಬೇಕಾದರೂ ಮರ್ಯಾದಸ್ಥಳಾಗಿ ಓಡಾಡಬಹುದಿತ್ತು. ಹಾಗೆಯೇ ಓಡಾಡಿದೆ ಕೂಡ. ಅವರ ಹತ್ತಿರ ಕೂರುವುದನ್ನೇ ಬಿಟ್ಟೆ. ಅವರ ಉಸಿರಿಗೆ ಬೆಣ್ಣೆಯ ವಾಸನೆ ಮರಳಿದೆಯಾ ಅಂತ ನೋಡುವ ಧೈರ್ಯವೂ ಇರಲಿಲ್ಲ. ಔಷಧಿಯನ್ನು ದೂರದಿಂದ ಕೈಚಾಚಿ ಕೊಡುತ್ತಿದ್ದೆ. ಅವರು ನಾಚಿಕೊಂಡದ್ದನ್ನು ನನಗೆ ಹೇಳಿಯಾಗಿತ್ತು. ನಾನು ಮಾತ್ರ ಎಕ್ಸ್‌ರೇ, ಮಾತ್ರೆ, ಹವೆ ಅಂತ ಮಾತಾಡಿಕೊಂಡಿದ್ದೆ.

ಊರಿನ ಬಾಟಲಿಗಳ ವಿಷಯ ಮಾತ್ರ ಸುಮ್ಮನೆ ಬಿಡುವಂತಿರಲಿಲ್ಲ. ಭಾನುವಾರ ಬೆಳಿಗ್ಗೆ ನೇಮಿರಾಜನ ಅಂಗಡಿಗೆ ಹೋದೆ. ಬಾಟಲಿ ತುಂಬಿಸಿಕೊಳ್ಳಲು ಬಂದವರು ಮೆಟ್ಟಿಲವರೆಗೂ ನಿಂತಿದ್ದರು. ನಾನು ಸೆರಗು ತೆಗೆದೆ. ಇದನ್ನು ಎಳೆಯಬೇಡಿ, ನನ್ನ ಚೀಟಿ ತಪ್ಪು, ನಾನು ಆವಿಯನ್ನು ಪರೀಕ್ಷಿಸಿರಲಿಲ್ಲ ಅಂತ ಎಲ್ಲ ಹೇಳಿದೆ. ಮುಂದೆ ನಿಂತಿದ್ದವರಿಗೆ ನನ್ನ ಖಾಲಿ ಉಸಿರು ತಾಗಿ ಅವರು ಒಬ್ಬರನ್ನೊಬ್ಬರು ನೋಡಿಕೊಂಡರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಚೂಡಾಮಣಿ ಟೀಚರ್ ಮುಂದೆ ಬಂದರು. ನನಗೆ ಮಗ್ಗಿ ಕಲಿಸಿದವರು. ಅವರ ಉಸಿರು ಯಾವಾಗ ಖಾಲಿಯಾಗಿತ್ತೋ, ಯಾಕೋ, ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಚೆನ್ನಾಗಿ ಬಾದಾಮಿ ಮಾಡಿಕೊಟ್ಟಿದ್ದೆ.

“ಅಲ್ವೇ ತಾರಾಮತಿ,” ಅಂದರು, “ಇದನ್ನ ನಿಲ್ಲಿಸಿದ್ರೆ ನಾವು ಮುಖ ಎಲ್ಲಿಟ್ಕೊಳ್ಳೋದು? ಸ್ವಲ್ಪ ಕೆಮ್ಮು ಬರುತ್ತೆ, ಬರಲಿ ಬಿಡು. ನಾನು ಹೇಳ್ಕೋಬೇಕಾದೋರು ತೀರಿಕೊಂಡಿದಾರೆ. ಯಾರ ಮುಂದೆ ಹೇಳ್ಲಿ?”

ಹಿಂದಿನಿಂದ ಯಾರೋ, ಬಾಟಲಿ ಕೊಡೋ ನೇಮಿರಾಜಾ, ಕೆಲಸಕ್ಕೆ ಹೊತ್ತಾಯ್ತು ಅಂದರು. ನೇಮಿರಾಜ ನನ್ನ ಮುಖ ನೋಡದೆ ಬಾಟಲಿಗೆ ಕೈ ಹಾಕಿದ.

ಆಗ ಮೆಟ್ಟಿಲ ಹತ್ತಿರ ಜನ ದಾರಿಬಿಟ್ಟರು. ನನ್ನ ಗಂಡ ಬರುತ್ತಿದ್ದರು. ಮನೆಯಿಂದ ಅಂಗಡಿಗೆ ಒಂದು ಬೀದಿಯ ದಾರಿ. ಅಷ್ಟಕ್ಕೇ ಅವರ ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಗೋಡೆ ಹಿಡಿದು ನಿಂತು, ಮಾತು ಬರುವವರೆಗೆ ಕಾದು, “ನನಗೆ ಮೂಗು ಹೋಗಿದೆ,” ಅಂದರು. “ನಿಮ್ಮ ಯಾರ ವಾಸನೇನೂ ಬರಲ್ಲ. ಅಳತೆ ತಗೊಳ್ಳೋವಾಗ ಬಂದಹಾಗೆ ನಟಿಸ್ತಿದ್ದೆ. ಇವಳಿಗೂ ಹೇಳಿದೀನಿ, ನಿಮಗೂ ಹೇಳ್ತಿದೀನಿ.” ಆಮೇಲೆ ಎಲ್ಲರೆದುರು ಬಾಯಿ ತೆರೆದು ಉಸಿರು ಕೊಟ್ಟರು.

ಅಂಗಡಿಯೆಲ್ಲ ಮೂಗೆತ್ತಿ ಕಾದಿತು. ಏನೂ ಬರಲಿಲ್ಲ. “ಹೇಳ್ಕೊಂಡ್ರೂ ಬರ್ಲಿಲ್ವಲ್ಲ,” ಅಂದರು ಟೀಚರ್, ಅವರ ದನಿ ಒಡೆದಿತ್ತು. ನನ್ನ ಗಂಡ ನನ್ನ ಕಡೆ ತಿರುಗಿದರು. ಅವರಿಗೆ ತಮ್ಮದೇ ಉಸಿರು ಗೊತ್ತಾಗುವುದಿಲ್ಲ, ನಾನೇ ಹೇಳಬೇಕು. ಅಷ್ಟು ದಿನ ಹತ್ತಿರ ಹೋಗದವಳು ಹೋದೆ. ಜನರ ಎದುರು, ವಯಸ್ಸಿನ ಹೆಂಗಸು ಮಾಡಬಾರದ ಹಾಗೆ, ಅವರ ತುಟಿಗೆ ಮೂಗು ತಾಗಿಸುವಷ್ಟು ಹತ್ತಿರ ಹೋದೆ. ಅವರು ಮತ್ತೆ ಬಿಟ್ಟರು. ಬಂತು. ಬೆಣ್ಣೆ ಕಾದು ಇನ್ನೇನು ತುಪ್ಪ ಆಗಬೇಕು ಅನ್ನುವ ಹೊತ್ತಿನದು. ಬಾಟಲಿಯದಲ್ಲ, ಅವರದೇ. ತುಟಿ ದಾಟಿ ಅರ್ಧ ಗೇಣು ಬರುವಷ್ಟರಲ್ಲಿ ನಿಂತುಹೋಗುತ್ತಿತ್ತು. ವಾಸನೆ ಮರಳಿ ಬಂದಿತ್ತು, ಅದನ್ನು ಹೊರಗೆ ತಳ್ಳುವ ಉಸಿರು ಅವರಲ್ಲಿ ಉಳಿದಿರಲಿಲ್ಲ.

“ಬಂದಿದೆ,” ಅಂತ ಎಲ್ಲರಿಗೂ ಹೇಳಿದೆ. “ನಿಮ್ಮವರೆಗೂ ತಲುಪ್ತಿಲ್ಲ ಅಷ್ಟೆ. ನಿಮಗೂ ಹೀಗಾಗೋದು ಬೇಡ.” ಟೀಚರ್ ಹತ್ತಿರ ಬಂದು, ಬಗ್ಗಿ ಮೂಸಿ, ಅಲ್ಲೇ ಬೆಂಚಿನ ಮೇಲೆ ಕೂತರು. ಅವರ ಕೈಯಲ್ಲಿದ್ದ ಆವಿಕಡ್ಡಿಯನ್ನು ನೇಮಿರಾಜ ಮೆಲ್ಲಗೆ ತೆಗೆದುಕೊಂಡ.

ನನ್ನ ಗಂಡ ನಗುತ್ತಿದ್ದರು. “ಇನ್ನೇನು, ನಿನ್ನ ಹಾಗೇ ನಂದೂ ಸರಿಹೋಯ್ತು ಬಿಡು,” ಅಂದರು. ಅವರಿಗೆ ಗೊತ್ತಿರಲಿಲ್ಲ. ಸುತ್ತ ನಿಂತಿದ್ದವರಿಗೆಲ್ಲ ಗೊತ್ತಿತ್ತು, ಯಾರೂ ಹೇಳಲಿಲ್ಲ, ಹೇಳುವುದು ಮರ್ಯಾದೆಯಲ್ಲ. ನಾನು ಹೂಂ ಅಂದಿದ್ದರೆ ಆ ಮನುಷ್ಯ ಅದನ್ನೇ ನಂಬಿಕೊಂಡು ಮನೆಗೆ ಬರುತ್ತಿದ್ದರು.

“ನಂದು ಹೋಗಿದೆ ರೀ,” ಅಂದೆ.

ಅವರ ನಗು ನಿಂತಿತು. ಏನಾಯ್ತು ಅಂತ ಕೇಳಿದರು. ನಾನು ಅವರನ್ನು ಕೇಳದೆ ಹೋದ ಆ ಒಂದೇ ಮಾತು.

“ಆ ಬೆಣ್ಣೆ ಎಸೆನ್ಸಿನ ಡಬ್ಬಿ ತೆಗೆದ್ರೆ ಘಾಟು ಮೂಗಿಗೆ ಹತ್ತಿ ಗಂಟಲು ಉರೀತಿತ್ತು,” ಅಂದೆ. “ನಿಮ್ಮ ಬಾಟಲಿ ತುಂಬಿಸೋವಾಗೆಲ್ಲ ನಾನು ಮೂಗು ಮುಚ್ಕೊಳ್ತಿದ್ದೆ.”